ಚೆಟ್ಟಿನಾಡಿನಲ್ಲಿ ಬಲಬದಿಯ ಸವಾರಿ

ತಮಿಳುನಾಡಿನ ವರ್ತಕ ಚೆಟ್ಟಿಯಾರರೊಬ್ಬರ ಅರಮನೆಯಂಥ ಹಳೆಯ ಮನೆಯ ಜಗುಲಿಯಲ್ಲಿ ಕುಳಿತಿದ್ದೇನೆ. ಅಮೆರಿಕದ ಆಸ್ಟಿನ್‌ನಲ್ಲಿ ನನ್ನೊಡನೆ ಓದುವ ರಾಘು ರಜೆಗೆ ಬಂದವನು, ತನ್ನ ಮಾವನ ಅಂಬಾಸಿಡರ್ ಕಾರನ್ನು ತಾನೇ ಓಡಿಸುತ್ತೇನೆಂದು ಹಟ ಹಿಡಿದ. ಪಿಳ್ಳೈಯಾರ್‌ಪಟ್ಟಿಯ ಗಣಪತಿಗೆ ಕೈಮುಗಿದು ಹೊರಟವನು ಟೆಕ್ಸಾಸಿನ ಅಭ್ಯಾಸದಂತೆ ರಸ್ತೆಯ ಬಲಬದಿ ಹಿಡಿದ. ಎದುರಿಗೆ ಬಸ್ಸು ಬಂತು. ಅದರ ಡ್ರೈವರ್ ಬಸ್ಸನ್ನು ಹೊಲಕ್ಕೆ ಇಳಿಸಿದ್ದರಿಂದ ನಾವು ಉಳಿದೆವು.

"ರಾಂಗ್ ಸೈಡಲ್ಲಿ ಬಂದ್ನಲ್ಲೋ ಅವನು!" ಎಂದ ರಾಘು.

"ಅವನಲ್ಲ ಕಣೋ, ನೀನು! ಇದೇನು ಆಸ್ಟಿನ್ನಾ?"

ಈಗವನು ಒಳಗೆ ಬರ್ಮಾ ತೇಗದ ಕಂಬವನ್ನು ತಬ್ಬಿಕೊಂಡು, "ಬಾರೋ, ಎರಡು ಕೈಗೂ ಸಿಗ್ತಿಲ್ಲ ಇದು!" ಎಂದು ಕರೆಯುತ್ತಿದ್ದಾನೆ. ಕಾರಿನ ಕೀ ನನ್ನ ಜೇಬಿನಲ್ಲಿದೆ. ನನಗೆ ಡ್ರೈವಿಂಗ್ ಬಾರದು. ಹತ್ತಿರದ ಕಾರೈಕುಡಿ ಪಟ್ಟಣಕ್ಕೆ ಎತ್ತಿನ ಗಾಡಿ ಸಿಗುತ್ತದೆಯೇ ಎಂದು ಕಾವಲುಗಾರನನ್ನು ವಿಚಾರಿಸಿದೆ.