ಶಾಂತಕ್ಕನ ಗೋಡೆಯ ಮೇಲಿನ ಫ್ಲಾಸ್ಕ್

ಶಾಂತಕ್ಕ, ಆ ಗಾಜಿನ ಫ್ಲಾಸ್ಕ್ ನಿನ್ನ ಕೈಯಿಂದ ಜಾರಲಿಲ್ಲ. ಅದು ಒಡೆದದ್ದು ನನ್ನಿಂದ. ಇಷ್ಟು ವರ್ಷ ನಿನ್ನೆದುರು ಬಾಯಿ ಬಿಡಲಿಲ್ಲ. ಹೇಳಿಯೇಬಿಡೋಣ ಎಂದು ಬಂದಾಗಲೆಲ್ಲ ನೀನು ಚಹಾ ಇಡಲು ಒಳಗೆ ಹೋಗುತ್ತಿದ್ದೆ, ಅಷ್ಟರಲ್ಲಿ ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದೆ. ಮೊನ್ನೆ ಭಾನುವಾರ ನಿನ್ನ ಮನೆಯಿಂದ ಬಂದಾಗಿನಿಂದ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಇವತ್ತು ಬಂದು ಹೇಳುತ್ತೇನೆ. ನಾಲಿಗೆ ಮತ್ತೆ ಕೈಕೊಟ್ಟೀತು ಎಂಬ ಭಯಕ್ಕೆ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಸಿಕಂದರಾಬಾದಿನ ಆ ಸ್ಟುಡಿಯೊ ನೆನಪಿದೆಯಲ್ಲ? ಬಿಸ್ಕತ್ತು, ಚಪ್ಪಲಿ, ಕುಕ್ಕರ್ — ಅಂಗಡಿ ಸಾಮಾನಿನ ಫೋಟೊ ತೆಗೆಯುವ ಜಾಗ. ನಾನು ಕ್ಯಾಮೆರಾ ಹಿಡಿಯುವವನು, ನೀನು ಸಾಮಾನು ತೊಳೆದು ಒರೆಸಿ ಕೊಡುವವಳು. ಅಲ್ಲಿ ಕನ್ನಡದವರು ನಾವಿಬ್ಬರೇ. ನೀನು ಸೇಡಂ ಕಡೆಯವಳು, ನಾನು ಚಿಂಚೋಳಿಯವನು. ಅಷ್ಟಕ್ಕೇ ನನ್ನನ್ನು ತಮ್ಮ ಎಂದು ಕರೆದೆ, ನಿನ್ನ ರೊಟ್ಟಿಯ ಗಂಟಿನಲ್ಲಿ ನನಗೂ ಪಾಲು ಇಟ್ಟೆ. ಆ ರೊಟ್ಟಿ ತಿಂದವನೇ ನಾನು.

ಆ ವರ್ಷ ಜೀಡಿಮೆಟ್ಲಾದ ಒಂದು ಗಾಜಿನ ಕಾರ್ಖಾನೆಯ ಕೆಲಸ ಬಂತು. ಪ್ರಯೋಗಾಲಯದ ಫ್ಲಾಸ್ಕು, ಬೀಕರು, ಕೊಳವೆಗಳು. ಗಾಜಿನ ಫೋಟೊ ತೆಗೆಯುವುದೆಂದರೆ ತಲೆ ಕೆಡಿಸಿಕೊಳ್ಳುವ ಕೆಲಸ. ಮುಂದಿನಿಂದ ದೀಪ ಹಾಕಿದರೆ ಬರೀ ಹೊಳಪು, ಪಾತ್ರೆಯೇ ಮಾಯ. ದೀಪವನ್ನು ಹಿಂದಕ್ಕೆ ಒಯ್ದು, ಎರಡೂ ಪಕ್ಕ ಕರಿ ರಟ್ಟು ನಿಲ್ಲಿಸಬೇಕು. ಆಗ ರಟ್ಟಿನ ಕಪ್ಪು ಬಣ್ಣ ಗಾಜಿನ ಅಂಚಿಗೆ ಇಳಿದು ಗೆರೆಯಾಗುತ್ತದೆ, ಆಕಾರ ಎದ್ದು ಬರುತ್ತದೆ. ಒಂದು ಬೆರಳಿನ ಗುರುತಿದ್ದರೂ ಫೋಟೊ ಕೆಟ್ಟಿತು. ಅದಕ್ಕೇ ಪ್ರತಿಯೊಂದನ್ನೂ ನೀನು ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಹಿಡಿದು ತಂದುಕೊಡುತ್ತಿದ್ದೆ.

ಸಾಮಾನು ತರಲು ಕಾರ್ಖಾನೆಗೆ ಹೋದಾಗ ಅವರ ತಪಾಸಣೆಯ ಮೇಜನ್ನು ನೋಡಿದೆ. ಒಂದು ದೀಪ, ಮುಂದೆ ಎರಡು ಕಪ್ಪು ಫಿಲ್ಟರು, ಅವುಗಳ ನಡುವೆ ಒಂದೊಂದೇ ಫ್ಲಾಸ್ಕ್ ಹಿಡಿದು ನೋಡುತ್ತಿದ್ದರು. ಭಟ್ಟಿಯಲ್ಲಿ ನಿಧಾನವಾಗಿ ಆರಿದ ಗಾಜಾದರೆ ಅಲ್ಲಿ ಬರೀ ಕತ್ತಲು. ಗಡಿಬಿಡಿಯಲ್ಲಿ ಆರಿದ್ದಾದರೆ ಒಳಗೆ ಬಿಗಿತ ಉಳಿದಿರುತ್ತದೆ. ಬರಿಗಣ್ಣಿಗೆ ಕಾಣದ ಆ ಬಿಗಿತ ಫಿಲ್ಟರಿನಲ್ಲಿ ಬಣ್ಣವಾಗಿ ಕಾಣುತ್ತದೆ. ಬಣ್ಣ ಕಂಡದ್ದನ್ನು ಅಲ್ಲೇ ಒಡೆದು ಹಾಕುವುದು ಅವರ ಪದ್ಧತಿ. ಬಿಸಿ ತಾಗಿದರೆ ಸಿಡಿಯುತ್ತದೆ ಎಂದು ನನಗೆ ಬಿಡಿಸಿ ಹೇಳಿದ್ದರು — ಗೊತ್ತಿರಲಿಲ್ಲ ಎನ್ನುವಂತಿಲ್ಲ, ಅಕ್ಕ. ಗೊತ್ತಿತ್ತು.

ಆದರೆ ನನ್ನ ಕಣ್ಣಿಗೆ ಬಿದ್ದದ್ದು ಆ ಬಣ್ಣ ಮಾತ್ರ. ಒಡೆಯಲು ತೆಗೆದಿಟ್ಟದ್ದರಲ್ಲಿ ಒಂದನ್ನು ಯಾರೂ ನೋಡದಾಗ ಎತ್ತಿ, ಒಳ್ಳೆಯವುಗಳ ಪೆಟ್ಟಿಗೆಯಲ್ಲಿ ಸೇರಿಸಿ ತಂದೆ. ಸಂಜೆ ನೀವೆಲ್ಲ ಹೋದ ಮೇಲೆ ಸ್ಟುಡಿಯೊದಲ್ಲಿದ್ದ ಅಂಥದೇ ಫಿಲ್ಟರುಗಳಲ್ಲಿ ದೀಪಕ್ಕೊಂದು, ಲೆನ್ಸಿಗೊಂದು ಹಾಕಿ ತಿರುಗಿಸಿದೆ. ಹಿಂದಿನದೆಲ್ಲ ಕಪ್ಪಾಯಿತು. ಕಪ್ಪಿನ ನಡುವೆ ಆ ಫ್ಲಾಸ್ಕ್ ನವಿಲಿನ ಕೊರಳಿನ ಹಾಗೆ ನಿಂತಿತು. ಅಯ್ಯೋ, ಎಷ್ಟು ಹಿಗ್ಗಿದೆ ಗೊತ್ತಾ! ಇಂಥ ಫೋಟೊ ಈ ಊರಿನಲ್ಲಿ ಯಾರೂ ತೆಗೆದಿಲ್ಲ ಎಂದುಕೊಂಡೆ. ಆಮೇಲೆ ಅದನ್ನು ಬೇರೆ ಇಟ್ಟರೆ ಇದೆಲ್ಲಿಂದ ಬಂತು ಎಂದು ಕೇಳಿಯಾರು ಎಂದು ಮಿಕ್ಕವುಗಳ ಸಾಲಿನಲ್ಲೇ ನಿಲ್ಲಿಸಿದೆ. ಬೆಳಿಗ್ಗೆ ಎಸೆದರಾಯಿತು ಎಂದು... ಒಂದು ಗುರುತು ಹಾಕಲಿಲ್ಲ. ನಿನಗೊಂದು ಮಾತು ಹೇಳಲಿಲ್ಲ.

ಬೆಳಿಗ್ಗೆ ನೀನು ನನಗಿಂತ ಮೊದಲೇ ಕೆಲಸ ಶುರು ಮಾಡಿದ್ದೆ. ನಾನು ಬಂದು ಕರಿ ರಟ್ಟುಗಳ ಹಿಂದೆ ದೀಪ ಹೊಂದಿಸುತ್ತಿದ್ದಾಗ, ನೀನು ಬಿಸಿನೀರಿನಲ್ಲಿ ತೊಳೆಯುತ್ತಿದ್ದ ಕಡೆಯಿಂದ ಗಾಜು ಸಿಡಿದ ಸದ್ದು ಕೇಳಿತು. ಓಡಿ ಬರುವ ಮೊದಲೇ ಯಾವ ಫ್ಲಾಸ್ಕ್ ಎಂದು ಗೊತ್ತಾಗಿತ್ತು. ನಿನ್ನ ಹೆಬ್ಬೆರಳಿನ ಬುಡದಿಂದ ಅಂಗೈವರೆಗೆ ಕೊಯ್ದು ರಕ್ತ ಸುರಿಯುತ್ತಿತ್ತು. ಮಾಲೀಕರು ಬಂದು ಹೇಗಾಯಿತು ಎಂದು ಕೇಳಿದ್ದು ನನ್ನನ್ನು.

“ಹಾಥ್ ಸೇ ಫಿಸಲ್ ಗಯಾ ಹೋಗಾ, ಸಾಬ್” ಎಂದೆ. ಕೈಯಿಂದ ಜಾರಿರಬೇಕು. ನಿನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಬೇಕಾಗಿದ್ದರೆ ಬಹುಶಃ... ಇಲ್ಲ ಬಿಡು, ಆಗಲೂ ಅದನ್ನೇ ಹೇಳುತ್ತಿದ್ದೆ.

ನೀನು ನನ್ನ ಮುಖ ನೋಡಿದೆ. “ಗಟ್ಟ್ಯಾಗೇ ಹಿಡದಿದ್ನಲ್ಲಾ...” ಎಂದೆ. ಆಮೇಲೆ ನೀನೇ ತಲೆ ಬಗ್ಗಿಸಿ, “ತಮ್ಮ ನೋಡ್ಯಾನಂದ್ರ ಖರೇನ ಇರ್ತೈತಿ. ಜಾರಿರಬೇಕು” ಎಂದು ನಿನ್ನಷ್ಟಕ್ಕೇ ಹೇಳಿಕೊಂಡೆ.

ನಾನು ನೋಡಿರಲಿಲ್ಲ, ಅಕ್ಕ. ನಾನು ರಟ್ಟಿನ ಹಿಂದಿದ್ದೆ.

ಆ ವಾರವೇ ನಿನ್ನನ್ನು ಕೆಲಸದಿಂದ ಬಿಡಿಸಿದರು. ಗಾಯಕ್ಕೆ ಹೊಲಿಗೆ ಹಾಕಿದ ಡಾಕ್ಟರು ನರಕ್ಕೇನೂ ಆಗಿಲ್ಲ, ಕೈ ಮೊದಲಿನ ಹಾಗೆಯೇ ಆಗುತ್ತದೆ ಎಂದರು, ಆಯಿತು ಕೂಡ. ಆ ಫೋಟೊಗೆ ಮಾತ್ರ ಎಲ್ಲ ಕಡೆ ಹೊಗಳಿಕೆ ಸಿಕ್ಕಿತು, ನನಗೆ ಅದರಿಂದ ದೊಡ್ಡ ದೊಡ್ಡ ಕೆಲಸ ಬಂದವು. ಹಣ್ಣಿನ ಜೊತೆ ಅದೇ ಫೋಟೊವನ್ನು ಕಟ್ಟು ಹಾಕಿಸಿ ನಿನಗೆ ತಂದುಕೊಟ್ಟೆ. ಥೂ, ಎಂಥ ಹೇಡಿ ಬುದ್ಧಿ! ನೀನು ಅದನ್ನು ದೇವರ ಗೂಡಿನ ಪಕ್ಕಕ್ಕೆ ತೂಗುಹಾಕಿದೆ. ಬಂದವರಿಗೆಲ್ಲ ನಮ್ಮ ತಮ್ಮ ತೆಗೆದದ್ದು ಎಂದು ತೋರಿಸುತ್ತಿದ್ದೆ.

ಆಮೇಲೆ ನಿನ್ನ ಮನೆಯಿಂದ ಗಾಜೆಲ್ಲ ಹೋಯಿತು. ಚಹಾ ಸ್ಟೀಲಿನ ಲೋಟಕ್ಕೆ ಬಂತು. ಉಪ್ಪಿನಕಾಯಿ ಭರಣಿ ಎತ್ತಿಡಲು ಮಗಳು ರೇಣುಕಾಳನ್ನು ಕರೆಯತೊಡಗಿದೆ. ಇದೇನು, ನಾಲ್ಕು ದಿನದ ಅಂಜಿಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ದಿಲ್‌ಸುಖ್‌ನಗರದ ನಿನ್ನ ಮನೆಯಲ್ಲಿ ರೇಣುಕಾಳ ಮಗುವಿನ ತೊಟ್ಟಿಲು ಕಾರ್ಯ. ಫೋಟೊ ತೆಗೆಯಲು ನಾನೇ ಬಂದಿದ್ದೆ. ತೊಟ್ಟಿಲಿನ ಈಚೆ ಆಚೆ ಹೆಂಗಸರು ನಿಂತು, ಕೂಸನ್ನು ಒಮ್ಮೆ ಕೆಳಗಿನಿಂದ ಒಮ್ಮೆ ಮೇಲಿನಿಂದ ಒಬ್ಬರಿಗೊಬ್ಬರು ಕೊಡುತ್ತಿದ್ದರು. ಅಜ್ಜಿ ನೀನು, ನಿನ್ನ ಸರದಿ ಬಂತು. ಕ್ಯಾಮೆರಾದಲ್ಲಿ ನಿನ್ನನ್ನೇ ಹಿಡಿದು ಕಾಯುತ್ತಿದ್ದೆ. ನೀನು ಎರಡೂ ಕೈ ಬೆನ್ನ ಹಿಂದೆ ಒಯ್ದೆ.

“ನಾ ಒಲ್ಲೆವಾ. ನನ್ನ ಕೈ ಭರೋಸಾ ಇಲ್ಲ. ಕೂಸು ಜಾರಿಗೀರೀತು.”

ಎಲ್ಲರೂ ನಕ್ಕರು. ರೇಣುಕಾ ನಗಲಿಲ್ಲ. ಹುಟ್ಟಿದಾಗಿನಿಂದ ಅವ್ವ ಒಂದು ದಿನವೂ ಮಗುವನ್ನು ಎತ್ತಿಕೊಂಡಿಲ್ಲ, ಪಕ್ಕದಲ್ಲಿ ಕೂತು ತಟ್ಟಿ ಮಲಗಿಸುತ್ತಾಳಷ್ಟೇ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳ ಹಿಂದೆ ಗೋಡೆಯ ಮೇಲೆ ನನ್ನ ಫೋಟೊ. ಬ್ಯಾಟರಿ ಮುಗಿಯಿತು ಎಂದು ಮತ್ತೊಂದು ಸುಳ್ಳು ಹೇಳಿ ಹೊರಬಿದ್ದೆ. ಮೆಟ್ರೊದಲ್ಲಿ ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋದೆ, ಹಿಂದಕ್ಕೆ ಬರುವಾಗಲೂ ದಾಟಿ ಹೋದೆ.

ಆ ಫೋಟೊ ಸರಿಯಾಗಿ ನೋಡು, ಅಕ್ಕ. ಕತ್ತಿನ ಹತ್ತಿರ ನೇರಳೆ, ಹೊಟ್ಟೆಯ ಮೇಲೆ ಹಸಿರು, ಹಳದಿ. ಆ ಒಂದೊಂದು ಬಣ್ಣವೂ ಒಳಗಿನ ಬಿಗಿತ. ನೀನು ಮುಟ್ಟುವ ಹಿಂದಿನ ಸಂಜೆಯೇ ತೆಗೆದದ್ದು ಅದು. ಜಾರಿದ್ದಲ್ಲ, ನಿನ್ನ ಕೈಯಲ್ಲಿದ್ದಾಗಲೇ ಸಿಡಿದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದನ್ನು ನಿನ್ನ ಮನೆಯಲ್ಲೇ ನೇತುಹಾಕಿಸಿ ನಾನು ಸುಮ್ಮನಿದ್ದೆ.

ಇವತ್ತು ರೇಣುಕಾಳ ಎದುರು, ಅವಳ ಗಂಡನ ಎದುರು, ಕನ್ನಡದಲ್ಲೇ ಹೇಳುತ್ತೇನೆ. ಚಹಾ ಇಡಲು ಹೋಗಬೇಡ, ಕೂತು ಕೇಳು. ಬೈದರೆ ಬೈಸಿಕೊಳ್ಳುತ್ತೇನೆ, ಇನ್ನು ಮುಖ ತೋರಿಸಬೇಡ ಎಂದರೆ ಅದೂ ಸರಿ. ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ನಾನು ಮೆಟ್ಟಿಲಿಳಿದು ಹೋದ ಮೇಲೆ ಆ ಕೂಸನ್ನೊಮ್ಮೆ ಎತ್ತಿಕೋ. ನೀನು ಗಟ್ಟಿಯಾಗಿಯೇ ಹಿಡಿದಿದ್ದೆ.