ಬಿಲ್ಲಿನ ಕೊನೆಯ ಸಾಲು

ಮಣಿನಗರ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲ್ ನಡೆಸುವ ಸುಬ್ಬರಾಯರಿಗೆ ಗುಜರಾತಿ ಅರ್ಥವಾಗುತ್ತಿತ್ತು, ನಾಲಿಗೆಗೆ ಹತ್ತಲಿಲ್ಲ. ಗಲ್ಲಾದಲ್ಲಿ ಕೂತು ಗಿರಾಕಿಗಳೊಂದಿಗೆ ಹರಟುತ್ತಿದ್ದವಳು ಹೆಂಡತಿ ಶಕುಂತಲಾ. ಅವಳು ತೀರಿಕೊಂಡ ಮೇಲೆ ಅಡುಗೆಮನೆ ಬಿಟ್ಟು ಅವರೇ ಆ ಕುರ್ಚಿಗೆ ಬಂದರು.

ಕಂಪ್ಯೂಟರಿನ ಬಿಲ್ಲಿನಡಿಯಲ್ಲಿ ಮಾತ್ರ ಹಳೇ ಸಾಲು ಅಚ್ಚಾಗುತ್ತಲೇ ಇತ್ತು: ‘ಫರೀ ಪಧಾರ್ಜೋ, ಶಕುಂತಲಾಬೆನ್’. ಮತ್ತೆ ಬನ್ನಿ ಎಂದು. ಅಪರೂಪಕ್ಕೆ ಬರುವವರು ಅದನ್ನೋದಿ, “ಬೆನ್ ಎಲ್ಲಿ?” ಎನ್ನುವರು. “ಊರಿಗೆ ಹೋಗಿದ್ದಾಳೆ” ಎಂದು ಇವರು ತಪ್ಪಿಸಿಕೊಳ್ಳುವರು. ಒಂದು ಮಧ್ಯಾಹ್ನ ಸಾಕೆನಿಸಿತು. ವಡೋದರಾದಲ್ಲಿ ಕೆಲಸಕ್ಕಿದ್ದ ಮಗಳು ವಿಂಧ್ಯಾಳಿಗೆ ಫೋನ್ ಮಾಡಿದರು.

“ಆ ಸಾಲು ಎಲ್ಲಿಂದ ಬರ್ತದೆ ಮಗಾ? ಫೋಲ್ಡರಲ್ಲಿ ಎಂತದೂ ಕಾಣುದಿಲ್ಲ.”

“ಫೈಲ್ ಹೈಡ್ ಆಗಿದೆ ಪಪ್ಪಾ. ಮೇಲೆ ವ್ಯೂ ಉಂಟಲ್ಲ, ಒತ್ತಿ. ಆಮೇಲೆ ಶೋ. ಅದರಲ್ಲಿ ಹಿಡನ್ ಐಟಮ್ಸ್.”

ಖಾಲಿ ಜಾಗದಲ್ಲಿ ಮಸುಕಾದ ಫೈಲೊಂದು ಮೂಡಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದಲ್ಲ, ಹತ್ತಾರು ಸಾಲು, ಎಲ್ಲ ಇಂಗ್ಲಿಷ್ ಅಕ್ಷರದ ಗುಜರಾತಿ. ಉತ್ತರಾಯಣದ ಶುಭಾಶಯ. ನವರಾತ್ರಿಗೆ ಉಪವಾಸದ ತಿಂಡಿ ಉಂಟೆಂಬ ಸೂಚನೆ. ‘ಇವತ್ತು ಚಟ್ನಿಗೆ ಉಪ್ಪು ಜಾಸ್ತಿ, ಯಜಮಾನರನ್ನು ಕ್ಷಮಿಸಿ.’ ಸುಬ್ಬರಾಯರು ಜೋರಾಗಿ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿದರು.

“ಬೇಡದ ಸಾಲಿನ ಮುಂದೆ ಮಮ್ಮಿ ಸೆಮಿಕೋಲನ್ ಹಾಕ್ತಿದ್ರು. ಆಗ ಪ್ರಿಂಟ್ ಆಗಲ್ಲ.” ವಿಂಧ್ಯಾಳ ದನಿ ಸಣ್ಣಗಾಯಿತು. “ಡಿಲೀಟ್ ಮಾಡ್ಬೇಡಿ ಪಪ್ಪಾ.”

ಅವರು ಶಕುಂತಲೆಯ ಹೆಸರಿದ್ದ ಸಾಲಿನ ಮುಂದೆ ಆ ಚಿಹ್ನೆ ಒತ್ತಿ, ಸೇವ್ ಮಾಡಿದರು.

ಅಂದಿನಿಂದ ಬಿಲ್ಲು ಮೊತ್ತಕ್ಕೇ ಮುಗಿಯತೊಡಗಿತು. ಯಾರೂ ತಲೆಯೆತ್ತಲಿಲ್ಲ. ಬಂದರು, ತಿಂದರು, ಮೊಬೈಲ್ ತೋರಿಸಿ ಹೋದರು. ಅವಳ ಹೆಸರು ದಿನವಿಡೀ ಯಾರ ಬಾಯಲ್ಲೂ ಬರಲಿಲ್ಲ, ಅವರ ಬಾಯಲ್ಲೂ. ಮೇಜುಗಳೆಲ್ಲ ತುಂಬಿದ್ದಾಗಲೂ ಬಾಗಿಲು ಹಾಕಿದ ಹೋಟೆಲಿನಲ್ಲಿ ಒಬ್ಬರೇ ಕೂತ ಹಾಗಿರುತ್ತಿತ್ತು. ಕೇಳುವವರಿದ್ದಾಗ ಸುಳ್ಳಾದರೂ ಹೇಳಬಹುದಿತ್ತು.

ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಫೈಲು ತೆರೆದು, ಆ ಚಿಹ್ನೆಯನ್ನು ಅಳಿಸಿದರು.

ಅಂದು ಬಿಲ್ಲು ಹಿಡಿದ ಅಪರಿಚಿತ ಹೆಂಗಸೊಬ್ಬಳು ಕೇಳಿದಳು: “ಶಕುಂತಲಾಬೆನ್ ಕೋಣ್ ಛೇ?” ಯಾರು ಅವರು ಎಂದು.

“ಮಾರೀ ಪತ್ನೀ,” ಸುಬ್ಬರಾಯರು ತಡವರಿಸಿದರು. “ಗುಜರೀ ಗಯಾ.” ತೀರಿಕೊಂಡಳೆಂದು ಹೊರಗಿನವರೆದುರು ಅವರು ಬಾಯಿಬಿಟ್ಟಿದ್ದು ಅದೇ ಮೊದಲು.

ಹೆಂಗಸು ಹೊರಡಲಿಲ್ಲ. ಚೀಲ ಕೆಳಗಿಟ್ಟು, ಹೇಗಿದ್ದರು ಅವರು, ಎಂದಳು. ಸುಬ್ಬರಾಯರು ಗುಜರಾತಿಗಾಗಿ ತಡಕಾಡಿದರು. ಸಿಗದೆ, ಹಿಂದಿಯಲ್ಲೇ ಶುರುಮಾಡಿದರು.