ಬತ್ತೇರಿಯ ಕಲ್ಲಿಗೊಂದು ತೆನೆ

ಬಾಯಮ್ಮನ ಬೆರಳ ಸಂದಿಗಳಲ್ಲಿ ಯಾವಾಗಲೂ ಗಂಜಿ ಒಣಗಿ ಬೆಳ್ಳಗೆ ಅಂಟಿರುತ್ತಿತ್ತು. ಇಗರ್ಜಿಯ ಪಾದ್ರಿಗಳ, ಪೂಜೆಯ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುವುದು ಅವರ ಕೆಲಸ. ಮಾತಾಡುತ್ತಲೇ ಆ ಗಂಜಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಮಾತು ಮುಗಿದರೂ ಕೆರೆತ ಮುಗಿಯುತ್ತಿರಲಿಲ್ಲ. ಕ್ರೈಸ್ತ ಹೆಂಗಸರನ್ನು ಊರಲ್ಲಿ ಕರೆಯುವಂತೆ ನಾವೂ ಬಾಯಮ್ಮ ಎನ್ನುತ್ತಿದ್ದೆವು. ಬೋಳೂರಿನಲ್ಲಿ ಚಿಕ್ಕಮ್ಮನ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ.

ಚಿಕ್ಕಮ್ಮನ ಮನೆ ಎಂದೆ. ನಮ್ಮ ಮನೆ ಎನ್ನಲು ಆಗ ನನಗೆ ಬಾಯಿ ಬರುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಅಲ್ಲಿ ಬಿಟ್ಟಿದ್ದರು. ಯಾರೂ ಬೈದವರಲ್ಲ. ಆದರೆ ಬಂದ ನೆಂಟರು ಈ ಹುಡುಗಿ ಯಾರದ್ದು ಎಂದು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ನುಸುಳುತ್ತಿದ್ದೆ.

ಹೊಸ ತೆನೆಯ ಮೊಂತಿ ಹಬ್ಬದ ಸಂಜೆ ಬಾಯಮ್ಮ ಇಗರ್ಜಿಯಿಂದ ತಂದ ತೆನೆಗಳಲ್ಲಿ ಒಂದನ್ನು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೊಳೆಬದಿಯ ಹಳೇ ಕಾವಲು ಬುರುಜು ಸುಲ್ತಾನ್ ಬತ್ತೇರಿಗೆ ಹೋಗುತ್ತಿದ್ದರು. ಅದರ ಕಪ್ಪು ಕಲ್ಲುಗಳು ಸುಲ್ತಾನನ ಕಾಲದಲ್ಲಿ ಕೆಡವಿದ ಇಗರ್ಜಿಗಳವು ಎಂಬ ಮಾತಿತ್ತು. ಮೆಟ್ಟಿಲ ಬುಡದ ಒಂದು ಕಲ್ಲು ತಮ್ಮ ಹಿರಿಯರ ಇಗರ್ಜಿಯದೆಂದು ಬಾಯಮ್ಮ ನಂಬಿದ್ದರು. ಅದರ ಪಕ್ಕದ ಬಿರುಕಿಗೆ ತೆನೆ ಸಿಕ್ಕಿಸಿ, ಕಲ್ಲಿಗೆ ಅಂಗೈ ಒತ್ತಿ, ಮನೆಯ ಸುದ್ದಿಯನ್ನೆಲ್ಲ ಕೊಂಕಣಿಯಲ್ಲಿ ಒಪ್ಪಿಸುತ್ತಿದ್ದರು. ಯಾರ ಹಲ್ಲುನೋವನ್ನೂ ಬಿಡುತ್ತಿರಲಿಲ್ಲ. ನಾನು ಮೇಲೆ ಹತ್ತಿ, ಕೋವಿಯ ಕಿಂಡಿಗಳಿಂದ ಹಂಚಿನ ಕಾರ್ಖಾನೆಗೆ ಮಣ್ಣು ಒಯ್ಯುವ ದೋಣಿಗಳನ್ನು ನೋಡುತ್ತಿದ್ದೆ.

ಯುದ್ಧಕಾಲದಲ್ಲಿ ಅಕ್ಕಿಗೆ ರೇಶನ್ ಬಂದ ವರ್ಷ, ನೆರಳಿಗೆ ಕೂತಿದ್ದ ಮುದಿ ಮೇಸ್ತ್ರಿಯೊಬ್ಬ ಇದನ್ನು ನೋಡಿ ನಕ್ಕ.

"ಆ ಕಲ್ಲಿಗೆ ಎಂತಕ್ಕೆ ಬಾಯಮ್ಮ? ಅದು ಹಳೇದಲ್ಲ ಮಾರಾಯ್ರೇ. ರಿಪೇರಿಗೆ ನನ್ನ ಅಪ್ಪ ಬೇರೆ ಕಡೆಯಿಂದ ತಂದು ಇಟ್ಟದ್ದು."

ಬಾಯಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೆರಳು ಕೆರೆಯುವುದನ್ನೂ ಮರೆತರು. ನನಗೆ ಅಳು ಬಂತು. ತೆನೆಯನ್ನು ಕಿತ್ತು ಬೇರೆ ಕಲ್ಲಿಗೆ ಇಡೋಣವೆಂದು ಕೈ ಚಾಚಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬಾಲೆ. ಎಲ್ಲಿಂದ ಬಂದದ್ದಾದ್ರೂ ಆಗ್ಲಿ, ಇಷ್ಟು ವರ್ಷ ನನ್ನ ಮಾತು ಕೇಳಿದ್ದು ಇದೇ ಅಲ್ವಾ? ಈಗ ಇದು ನಮ್ಮದೇ."

ಆ ರಾತ್ರಿ ತಮ್ಮ ಮನೆಯ ಹೊಸಕ್ಕಿ ಊಟಕ್ಕೆ ನನ್ನನ್ನೂ ಕೂರಿಸಿದರು. ಕಾವೂರಿನಿಂದ ಬಂದಿದ್ದ ಅವರ ನಾದಿನಿ ನನ್ನತ್ತ ನೋಡಿ, ಇದು ಯಾರ ಮಗು ಎಂದು ಕೇಳಿದರು. ನಾನು ಏಳಲು ಹೊರಟೆ. ಬಾಯಮ್ಮ ನನ್ನ ಬಟ್ಟಲಿಗೆ ತೆಂಗಿನಹಾಲು ಬಡಿಸುತ್ತ, "ಇದಾ? ಇದು ನಮ್ಮದೇ" ಎಂದರು. ಅಷ್ಟು ಸುಖದ ಮಾತನ್ನು ಆಮೇಲೆ ನಾನು ಹೆಚ್ಚು ಕೇಳಿಲ್ಲ.

ಅವರು ತೀರಿಕೊಂಡ ವರ್ಷ ತೆನೆಯನ್ನು ನಾನೇ ಒಯ್ದೆ. ಕಲ್ಲಿಗೆ ಅಂಗೈ ಒತ್ತಿ, ನನಗೆ ಬರುವಷ್ಟು ಕೊಂಕಣಿಯಲ್ಲಿ, ಬಾಯಮ್ಮ ಹೋದರು ಎಂದು ತಿಳಿಸಿದೆ. ಮನೆಯವರು ಯಾರಾದರೂ ಅದಕ್ಕೆ ಹೇಳಬೇಕಿತ್ತಲ್ಲ.